ಬಂಡೆಯ ಬಾಯಿಗೆ ಮೂರು ಹಲ್ಲು

ಅರೆಡಾಕ್ಟರು ಡಾಕ್ಟರಲ್ಲ. ಈ ವಿಷಯ ಊರಿಗೆಲ್ಲ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಹಲ್ಲು ಕೀಳುವ ನಿಜವಾದ ಡಾಕ್ಟರು ದೊಡ್ಡ ಬೀದಿಯಲ್ಲಿದ್ದರು. ಅವರು ಕಿತ್ತು ಖಾಲಿ ಮಾಡಿದ ಬಾಯಿಗಳಿಗೆ ಹಲ್ಲು ಕಟ್ಟಿಕೊಡುವುದು ಇವರ ಕಸುಬು. ಆದರೆ ದಾರಿಯಲ್ಲಿ ಯಾರಾದರೂ "ಏನು ಡಾಕ್ಟ್ರೇ, ಚೆನ್ನಾಗಿದೀರಾ" ಎಂದರೆ ಇವರು ಆ ಮಾತನ್ನು ತಿದ್ದುತ್ತಿರಲಿಲ್ಲ. ತುಸು ನಿಂತು, ಚೆನ್ನಾಗಿದ್ದೇನೆ ಎಂದು ಹೇಳಿ, ಇನ್ನೂ ಒಮ್ಮೆ ಕರೆಯಬಹುದೇನೋ ಎಂದು ಕಾಯುತ್ತಿದ್ದರು. ಊರಿನವರು ನ್ಯಾಯವಂತರು. ಪಟ್ಟವನ್ನು ಪೂರ್ತಿ ಕೊಡಲೂ ಮನಸ್ಸಿಲ್ಲದೆ, ಪೂರ್ತಿ ಕಿತ್ತುಕೊಳ್ಳಲೂ ಮನಸ್ಸಿಲ್ಲದೆ, ಅರ್ಧ ಕೊಟ್ಟು ಅರೆಡಾಕ್ಟರು ಎಂದು ಕರೆದು ಮುಗಿಸಿದರು.

ಅವರ ಅಂಗಡಿ, ಅಂಗಡಿಯ ಹಿಂದೆ ಅವರ ಎರಡು ಕೋಣೆಯ ಬಾಡಿಗೆ ಮನೆ, ಎರಡೂ ಹಿಟ್ಟಿನ ಗಿರಣಿಗೆ ಗೋಡೆ ಹಂಚಿಕೊಂಡಿದ್ದವು. ಬೆಳಿಗ್ಗೆ ಏಳಕ್ಕೆ ಗಿರಣಿಯ ಬೆಲ್ಟು ತಿರುಗಲು ಶುರುವಾದರೆ ಈ ಕಡೆ ನೆಲ ಗುಂಯ್ ಎನ್ನುತ್ತಿತ್ತು. ಕಪಾಟಿನಲ್ಲಿಟ್ಟ ಲೋಟ ಮಧ್ಯಾಹ್ನದ ಹೊತ್ತಿಗೆ ಒಂದು ಗೇಣು ಪ್ರಯಾಣ ಮಾಡಿರುತ್ತಿತ್ತು. ಅವರ ಹೆಂಡತಿ ಇಪ್ಪತ್ತೆರಡು ವರ್ಷ ಆ ಸದ್ದಿನ ಮೇಲೆಯೇ ಸಂಸಾರ ಮಾಡಿದವರು. ಗಿರಣಿಗೆ ರಜೆ ಇದ್ದ ದಿನವೂ ಅವರ ಮಾತು ಮೂರನೇ ಮನೆಗೆ ಕೇಳುತ್ತಿತ್ತು. ಗಂಡ ಹೆಂಡಿರ ಗುಟ್ಟು ಎಂಬುದು ಆ ಮನೆಯಲ್ಲಿ ಇರಲು ಸಾಧ್ಯವಿರಲಿಲ್ಲ. ಒಂದೇ ಒಂದು ಇತ್ತು. ಅದರ ಮಾತು ಆಮೇಲೆ.

ಅಲುಗಾಡುವ ನೆಲದಿಂದ ಅರೆಡಾಕ್ಟರ ಕಸುಬಿಗೂ ತೊಂದರೆಯಿತ್ತು. ಬಾಯಿಯ ಅಚ್ಚಿಗೆ ಸುರಿದ ಗಾರೆ ಗಟ್ಟಿಯಾಗಲು ಮುಕ್ಕಾಲು ಗಂಟೆ ಬೇಕು, ಆ ಮುಕ್ಕಾಲು ಗಂಟೆ ಅದು ನಡುಗದೆ ಕೂರಬೇಕು. ಇವರ ಮೇಜಿನ ಮೇಲೆ ಅದು ನಡುಗದೆ ಕೂತ ಇತಿಹಾಸವೇ ಇಲ್ಲ. ಹೀಗಾಗಿ ಊರಿನ ಹಿರಿಯರ ಬಾಯಲ್ಲಿದ್ದ ಹಲ್ಲಿನ ಸೆಟ್ಟುಗಳೆಲ್ಲ ಒಂದು ಕೂದಲು ಆಚೀಚೆ. ಅರೆಡಾಕ್ಟರ ಸೋದರತ್ತೆಯ ಸೆಟ್ಟಂತೂ ಆಕೆ ಮಾತು ನಿಲ್ಲಿಸಿದ ಮೇಲೂ ಎರಡು ಸಲ ಕಟಕಟ ಎಂದು ತಾನೇ ಮಾತು ಮುಂದುವರಿಸುತ್ತಿತ್ತು.

ಇಂಥ ಹೊತ್ತಿನಲ್ಲಿ ದೊಡ್ಡಪ್ಪ ತೀರಿಕೊಂಡು, ಊರ ಹೊರಗಿನ ಮೂರು ಎಕರೆ ಅರೆಡಾಕ್ಟರ ಪಾಲಿಗೆ ಬಂತು. ನೆಂಟರು ಯಾರೂ ತಕರಾರು ಮಾಡಲಿಲ್ಲ. ಯಾಕೆಂದರೆ ಆ ಮೂರು ಎಕರೆಯಲ್ಲಿ ಎರಡೂ ಮುಕ್ಕಾಲು ಎಕರೆ ನೆಟ್ಟಗೆ ನಿಂತಿತ್ತು. ಬೂದುಬಣ್ಣದ ಬಂಡೆಗೋಡೆ, ಪುಸ್ತಕ ಪೇರಿಸಿದಂತೆ ಪದರ ಪದರವಾಗಿ ಮೇಲೆದ್ದ ಕಲ್ಲು. ಮಲಗಿದ್ದ ಜಾಗ ಬಂಡೆಯ ಬುಡದಲ್ಲಿನ ಕಾಲು ಎಕರೆ ಮಾತ್ರ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಇದು ದೂರದಿಂದಲೂ ನುಣ್ಣಗಿರಲಿಲ್ಲ.

ಹೆಂಡತಿಗೆ ಮಾತ್ರ ಆ ಕಾಲು ಎಕರೆ ಸಾಕಾಗಿತ್ತು. ಮೊದಲ ದಿನವೇ ಹೋಗಿ ಸುಣ್ಣದ ಪುಡಿಯಲ್ಲಿ ಮನೆ ಬರೆದರು. ಇದು ಪಡಸಾಲೆ, ಇದು ಇವರ ಕೆಲಸದ ಕೋಣೆ, ಇದು ಅಡುಗೆಮನೆ, ಇಲ್ಲಿ ಕಿಟಕಿ. ಗಾಳಿ ಬಂದು ಗೆರೆ ಅಳಿಸಿದರೆ ಮತ್ತೆ ಹೋಗಿ ಬರೆಯುತ್ತಿದ್ದರು. ನಾಲ್ಕನೆಯ ಸಲ ಬರೆಯುವಾಗ ಅಡುಗೆಮನೆ ಒಂದು ಅಡಿ ದೊಡ್ಡದಾಯಿತು. ಮೇಸ್ತ್ರಿ ಮುಂದಿನ ಸೋಮವಾರ ಪಾಯ ಅಗೆಯಲು ಒಪ್ಪಿದ್ದ.

"ಮೆಟ್ಟಿಲಿಗೆ ಮೂರು ಚಪ್ಪಟೆ ಕಲ್ಲು ಬೇಕು," ಎಂದರು ಹೆಂಡತಿ. "ಬಂಡೆ ನಮ್ಮದೇ. ಹೋಗಿ ನೋಡ್ಕೊಂಡು ಬನ್ನಿ. ನೀವು ನೋಡೋದು ಬೇರೆಯವರ ಬಾಯಿ ಒಂದೇ ಆಗಬಾರದು."

ಅರೆಡಾಕ್ಟರು ಏಣಿ ಹೊತ್ತು ಹೋದರು. ಎರಡಾಳೆತ್ತರಕ್ಕೆ ಹತ್ತಿ, ಚಪ್ಪಟೆಯಾಗಿ ಕಂಡ ಒಂದು ಪದರಕ್ಕೆ ಉಳಿ ಇಟ್ಟು ಎರಡು ಪೆಟ್ಟು ಹಾಕಿದರು. ಪದರ ಕಳಚಿ, ಅವರ ಚಪ್ಪಲಿಯ ತುದಿ ಸವರಿಕೊಂಡು ಕೆಳಗೆ ಬಿದ್ದು ಎರಡಾಯಿತು. ಅದರ ಹಿಂದೆ ಒಂದು ಬಾಯಿ ತೆರೆದುಕೊಂಡಿತ್ತು.

ಬೇರೆ ಯಾರಾದರೂ ಆಗಿದ್ದರೆ ಏಣಿಯಿಂದ ಬೀಳುತ್ತಿದ್ದರು. ಅರೆಡಾಕ್ಟರು ಮೂವತ್ತು ವರ್ಷದಿಂದ ತೆರೆದ ಬಾಯಿಗಳನ್ನು ನೋಡಿದವರು. ಕನ್ನಡಕ ಸರಿಮಾಡಿಕೊಂಡು, "ಮೇಲಿನ ದವಡೆ, ಎಡಭಾಗ," ಎಂದು ಗಟ್ಟಿಯಾಗಿ ಹೇಳಿದರು. ಕಲ್ಲಾಗಿ ಹೋದ ದವಡೆ. ಹೆಬ್ಬೆರಳಿನಷ್ಟು ದಪ್ಪದ ಐದು ಹಲ್ಲುಗಳು ಸಾಲಾಗಿ ಕೂತಿದ್ದವು, ಮುಂದಿನ ಮೂರು ಇರಲಿಲ್ಲ. ಇದು ಯಾವ ಪ್ರಾಣಿ, ಯಾವ ಕಾಲದ್ದು, ಇಲ್ಲಿಗೆ ಹೇಗೆ ಬಂತು ಎಂಬ ಪ್ರಶ್ನೆಗಳು ಅವರಿಗೂ ಬಂದವು. ಆದರೆ ಆಮೇಲೆ ಬಂದವು. ಮೊದಲು ಕಂಡದ್ದು ಆ ಮೂರು ಖಾಲಿ ಜಾಗ.

ಅವರಿಗೆ ಕಸುಬು ಕಲಿಸಿದ ಗುರುಗಳು ಒಂದು ಮಾತು ಹೇಳುತ್ತಿದ್ದರು: ತುಂಬದ ಬಾಯಿ ನಮ್ಮ ಕೈ ದಾಟಿ ಹೋಗಬಾರದು. ಅರೆಡಾಕ್ಟರು ಆ ಮಾತನ್ನು ಒಮ್ಮೆಯೂ ಮೀರಿದವರಲ್ಲ. ಈ ರೋಗಿ ಹಲ್ಲು ಕಟ್ಟಿಕೊಡಿ ಎಂದು ಕೇಳಿರಲಿಲ್ಲ ನಿಜ. ಆದರೆ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ ಎಂಬುದನ್ನೂ ನೋಡಬೇಕು.

ಮರುದಿನದಿಂದ ನಾಲ್ಕು ಮಧ್ಯಾಹ್ನ ಅವರು ಅಂಗಡಿಗೆ ಬೀಗ ಹಾಕಿ ಬಂಡೆ ಹತ್ತಿದರು. ಸಾಮಾನ್ಯವಾಗಿ ಅವರು ಕಟ್ಟುವುದು ಡಬ್ಬದಲ್ಲಿ ಬರುವ ಸಿದ್ಧ ಹಲ್ಲು. ಈ ಅಳತೆಯ ಹಲ್ಲು ಯಾವ ಡಬ್ಬದಲ್ಲೂ ಬರುವುದಿಲ್ಲ. ಕೆತ್ತಲೇಬೇಕಾಯಿತು. ಬಂಡೆಯದೇ ಪುಡಿ, ಅಂಗಡಿಯ ಅಂಟು, ಬಣ್ಣಕ್ಕೆ ಚಹಾದ ಡಿಕಾಕ್ಷನ್ನು ಮತ್ತು ಒಂದು ಚಿಟಿಕೆ ಮಸಿ. ಕೈಯಿಂದ ಹಲ್ಲು ಕೆತ್ತಿ ಇಪ್ಪತ್ತೆರಡು ವರ್ಷ ಮೇಲಾಗಿತ್ತು. ಕೈ ಮರೆತಿದೆಯೋ ಏನೋ ಎಂದು ಅಳುಕಿದ್ದರು. ಕೈ ಮರೆತಿರಲಿಲ್ಲ. ಆದರೆ ಅದಕ್ಕೆ ಒಂದೇ ಹಲ್ಲು ನೆನಪಿತ್ತು. ಮೂರೂ ಒಂದೇ ಥರ ಬಂದವು: ಎಡಕ್ಕೆ ತುಸು ವಾಲಿದ, ಕೆಳಮೂಲೆಯಲ್ಲಿ ಒಂದು ಸಣ್ಣ ಮುಕ್ಕು ಇರುವ ಹಲ್ಲು.

ಬಂಡೆ ನಡುಗುವುದಿಲ್ಲ. ಮುಕ್ಕಾಲು ಗಂಟೆ ಎಂದರೆ ಮುಕ್ಕಾಲು ಗಂಟೆ ಅಲ್ಲಾಡದೆ ಕೂತು ಅಂಟು ಗಟ್ಟಿಯಾಯಿತು. ಅರೆಡಾಕ್ಟರು ಅಭ್ಯಾಸಬಲದಿಂದ "ಒಮ್ಮೆ ಕಚ್ಚಿ ನೋಡಿ" ಎಂದರು. ಆಮೇಲೆ ಏಣಿ ಇಳಿದು, ದೂರ ನಿಂತು ನೋಡಿದರು. ಪ್ರಾಣಿ ನಗುತ್ತಿತ್ತು. ಅವರಿಗೆ ಸಂತೋಷವಾಯಿತು. ತಮ್ಮ ಕೆಲಸ ನೋಡಿ ತಾವೇ ಸಂತೋಷಪಟ್ಟು ಬಹಳ ಕಾಲವಾಗಿತ್ತು.

ಮೆಟ್ಟಿಲಿನ ಕಲ್ಲು ಮರೆತು ಹೋಯಿತು.

ಮಾರನೆಯ ದಿನ ಅವರ ಭಾವಮೈದುನ, ಎಂದರೆ ಹೆಂಡತಿಯ ತಮ್ಮ, ಟೇಪು ಹಿಡಿದು ಪಾಯ ಅಳೆಯಲು ಬಂದ. ಅವನು ಭೂಮಾಪನ ಕಚೇರಿಯಲ್ಲಿ ಗುಮಾಸ್ತ. ಹನ್ನೊಂದು ವರ್ಷದಿಂದ ಅದೇ ಕುರ್ಚಿ. ಮೇಲಿನವರ ಕಣ್ಣಿಗೆ ಬೀಳುವಂಥದ್ದು ಏನಾದರೂ ಆಗಲಿ ಎಂದು ಕಾಯುತ್ತಿದ್ದವನು. ಟೇಪಿನ ತುದಿ ಹಿಡಿದು ಹಿಂದೆ ಹಿಂದೆ ನಡೆಯುತ್ತ ತಲೆ ಎತ್ತಿದ.

"ಭಾವ," ಎಂದ ಮೆಲ್ಲಗೆ, "ಮೇಲೆ ಅದೇನೋ ಹಲ್ಲು ಕಿರೀತಾ ಇದೆ."

ಅರೆಡಾಕ್ಟರಿಗೆ ನಡೆದದ್ದನ್ನೆಲ್ಲ ಹೇಳುವ ಇರಾದೆಯೇ ಇತ್ತು. ಕಥೆಯಲ್ಲಿ ಎರಡು ಭಾಗ. ಮೊದಲ ಭಾಗ, ಹಳೆಯ ದವಡೆ ಸಿಕ್ಕಿತು. ಎರಡನೆಯ ಭಾಗ, ಅದಕ್ಕೆ ಮೂರು ಹಲ್ಲು ಕಟ್ಟಿದೆ. ಅವರು ಕ್ರಮವಾಗಿ ಮೊದಲ ಭಾಗದಿಂದ ಹೊರಟರು.

"ಪಳೆಯುಳಿಕೆ," ಎಂದರು. "ಲಕ್ಷಾಂತರ ವರ್ಷ ಆಗಿರಬೇಕು. ನಾನೇ ಕಂಡುಹಿಡಿದೆ."

ಎರಡನೆಯ ಭಾಗಕ್ಕೆಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಭಾವಮೈದುನ ಟೇಪನ್ನು ಅಲ್ಲೇ ಎಸೆದು ಸೈಕಲ್ ಹತ್ತಿಯಾಗಿತ್ತು.

ಸಂಜೆಯ ಹೊತ್ತಿಗೆ ಊರೇ ಬಂಡೆಯ ಬುಡದಲ್ಲಿತ್ತು. ಗಿರಣಿಯವನು ಕೈಕಟ್ಟಿ ನಿಂತು, ತನ್ನ ಹಿತ್ತಲಲ್ಲೂ ಇಂಥದ್ದು ಬೇಕಾದಷ್ಟಿವೆ, ತಾನು ಹೇಳಿಕೊಂಡು ತಿರುಗುವವನಲ್ಲ ಎಂದ. ಸೋದರತ್ತೆ ಏಣಿಯ ಬುಡದಿಂದಲೇ ಮೇಲೆ ನೋಡಿ, "ಲಕ್ಷ ವರ್ಷದ ಮುದಿ ಪ್ರಾಣಿ, ಒಂದು ಹಲ್ಲು ಅಲ್ಲಾಡಿಲ್ಲ. ನನಗೆ ಇನ್ನೂ ಎಪ್ಪತ್ತು. ಕಟಕಟ," ಎಂದರು. ಕೊನೆಯ ಮಾತು ಅವರದ್ದಲ್ಲ, ಸೆಟ್ಟಿನದು.

ಅದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಾಯಿತು. ಅಂದಿನಿಂದ ಊರಿನವರು ಅರೆಡಾಕ್ಟರನ್ನು ಬರೀ ಡಾಕ್ಟರೆಂದು ಕರೆಯತೊಡಗಿದರು. ಗಿರಣಿಯವನು ಕೂಡ ಕರೆದ, ಹಲ್ಲು ಕಚ್ಚಿಕೊಂಡಾದರೂ ಕರೆದ. ಮೂವತ್ತು ವರ್ಷ ದುಡಿದರೂ ದೊರಕದ ಉಳಿದರ್ಧ ಒಂದೇ ಸಂಜೆಯಲ್ಲಿ ಬಂದು ಸೇರಿತ್ತು. ಇಂಥ ಹೊತ್ತಿನಲ್ಲಿ ಕಥೆಯ ಎರಡನೆಯ ಭಾಗವನ್ನು ಯಾವ ಮನುಷ್ಯ ತಾನೇ ಅವಸರದಿಂದ ಹೇಳಿಯಾನು? ನಾಳೆ ಹೇಳಿದರಾಯಿತು ಎಂದುಕೊಂಡರು.

ನಾಳೆ ಬರುವುದರೊಳಗೆ ತಜ್ಞರು ಬಂದರು. ವಸ್ತುಸಂಗ್ರಹಾಲಯದವರು, ಜೀಪು, ಜೇಬಿನಲ್ಲಿ ಭೂತಗನ್ನಡಿ, ಹಿಂದೆ ಹಗ್ಗದ ಸುರುಳಿ ಹೊತ್ತ ಒಬ್ಬ ಕಾವಲುಗಾರ. ಭಾವಮೈದುನ ಜೀಪಿನ ಮುಂದಿನ ಸೀಟಿನಿಂದ ಇಳಿದ. ತಜ್ಞರು ಮಾತಾಡುವಾಗ ಬಲಗೆನ್ನೆಯನ್ನು ಅಂಗೈಯಲ್ಲಿ ಮುಚ್ಚಿಕೊಳ್ಳುವುದನ್ನು ಅರೆಡಾಕ್ಟರು ಕೂಡಲೇ ಗಮನಿಸಿದರು. ಕೆಳದವಡೆ, ಬಲಭಾಗ, ಹಿಂದಿನಿಂದ ಎರಡನೆಯದು.

ತಜ್ಞರು ಏಣಿ ಹತ್ತಿ ಅರ್ಧ ಗಂಟೆ ಇಳಿಯಲಿಲ್ಲ. ಇಳಿದಾಗ ಅವರ ಮುಖ ಬಿಳಿಚಿತ್ತು.

"ಹಿಂದಿನ ಐದು ಹಲ್ಲು ಸಾಧಾರಣ," ಎಂದರು. "ಹುಲ್ಲು ಮೇಯೋ ಪ್ರಾಣಿ. ನಮ್ಮಲ್ಲಿ ಅಂಥವು ಎರಡು ಡ್ರಾ ತುಂಬ ಇವೆ. ಆದರೆ ಮುಂದಿನ ಮೂರು..." "ಮೂವತ್ತೈದು ವರ್ಷದ ಸರ್ವಿಸಿನಲ್ಲಿ ನಾನು ಇಂಥ ಹಲ್ಲು ನೋಡಿಲ್ಲ. ಮೂರೂ ಒಂದೇ ಆಕಾರ. ಮೂರೂ ಎಡಕ್ಕೆ ವಾಲಿವೆ. ಮೂರಕ್ಕೂ ಮೂಲೆಯಲ್ಲಿ ಮುಕ್ಕು. ಈ ಪ್ರಾಣಿ ಏನು ತಿಂತಿತ್ತು, ಹೇಗೆ ತಿಂತಿತ್ತು, ನಮಗೆ ಗೊತ್ತಿರೋ ವಿಜ್ಞಾನದಲ್ಲಿ ಉತ್ತರ ಇಲ್ಲ."

"ಸಾರ್, ಆ ಮೂರು ಹಲ್ಲಿನ ವಿಷಯ ಒಂದು ಮಾತು," ಎಂದರು ಅರೆಡಾಕ್ಟರು.

"ಹೇಳಿ ಡಾಕ್ಟರೇ. ಅಂದ ಹಾಗೆ, ಹೊಸ ಪ್ರಾಣಿಗೆ ಜಮೀನಿನವರ ಹೆಸರೇ ಇಡೋದು ನಮ್ಮಲ್ಲಿ ಪದ್ಧತಿ."

ಅರೆಡಾಕ್ಟರು ಬಾಯಿ ತೆರೆದರು. ಬಾಯಿ ಸ್ವಲ್ಪ ಹೊತ್ತು ತೆರೆದೇ ಇತ್ತು. ಆಮೇಲೆ, "ಹಲ್ಲು ಚೆನ್ನಾಗಿವೆ," ಎಂದು ಹೇಳಿ ಮುಚ್ಚಿದರು.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವರು ಕೊಡೆ ಬಿಚ್ಚುವಷ್ಟರಲ್ಲಿ ಕಾವಲುಗಾರ ಹಗ್ಗ ಬಿಚ್ಚಿದ. ಬಂಡೆಯ ಬುಡದಿಂದ ನೂರು ಹೆಜ್ಜೆ ಎಣಿಸಿ ಗೂಟ ಹೊಡೆದು ಹಗ್ಗ ಕಟ್ಟಿದ. ಕಾಲು ಎಕರೆ ಅದರೊಳಗೆ ಬಂತು.

"ಇನ್ನು ಮೇಲಿನಿಂದ ಆದೇಶ ಬರೋವರೆಗೆ ಇಲ್ಲಿ ಗುದ್ದಲಿ ಬೀಳೋ ಹಾಗಿಲ್ಲ," ಎಂದರು ತಜ್ಞರು. "ಆ ದವಡೆ ಯಾರೂ ಮುಟ್ಟೋ ಹಾಗಿಲ್ಲ. ನಾನೂ ಮುಟ್ಟೋ ಹಾಗಿಲ್ಲ. ಮುಟ್ಟಿದರೆ ಅಪರಾಧ."

"ಆದೇಶ ಬಂದ ಮೇಲೆ?" ಎಂದು ಕೇಳಿದರು ಹೆಂಡತಿ. ಅವರು ಆಗಷ್ಟೇ ಸುಣ್ಣದ ಪುಡಿಯ ಡಬ್ಬ ಹಿಡಿದು ಬಂದಿದ್ದರು.

"ಆದೇಶ ಬಂದ ಮೇಲೆ ಚಿಂತೆಯಿಲ್ಲಮ್ಮ. ಶಾಶ್ವತವಾಗಿ ಮುಟ್ಟೋ ಹಾಗಿಲ್ಲ."

ಕಾವಲುಗಾರ ರಾತ್ರಿ ಹಗಲು ಅಲ್ಲೇ ಇರಬೇಕಾದವನು. ಬಿಸಿಲಿಗೊಂದು ಮರೆ ಬೇಕಲ್ಲ ಎಂದು ನಾಲ್ಕು ತಗಡು ನಿಲ್ಲಿಸಿಕೊಂಡ. ನೆಲದ ಮೇಲೆ ಯಾರೋ ಆಗಲೇ ಅಚ್ಚುಕಟ್ಟಾಗಿ ಗೆರೆ ಬರೆದಿದ್ದರು. ಅದಕ್ಕೆ ಸರಿಯಾಗಿ ನಿಲ್ಲಿಸಿದ. ಹೆಂಡತಿಯ ಅಡುಗೆಮನೆ, ಒಂದು ಅಡಿ ದೊಡ್ಡದಾದದ್ದೂ ಸೇರಿ, ಅವನ ಗುಡಿಸಲಾಯಿತು. ಅದರೊಳಗೆ ಅವನು ಸ್ಟವ್ ಹಚ್ಚಿ ಚಹಾ ಕಾಯಿಸಿದ. ಕಿಟಕಿ ಎಂದು ಬರೆದಿದ್ದ ಜಾಗದಲ್ಲೇ ತಗಡು ಕತ್ತರಿಸಿ ಕಿಟಕಿ ಮಾಡಿ, "ಗಾಳಿ ಚೆನ್ನಾಗಿ ಬರುತ್ತಮ್ಮ ಇಲ್ಲಿ," ಎಂದು ಹೆಂಡತಿಗೇ ಹೇಳಿದ.

ಮೂರನೇ ಮನೆಗೆ ಕೇಳುವ ಗಂಟಲು ಸುಮ್ಮನಾದದ್ದು ಅರೆಡಾಕ್ಟರಿಗೆ ಗಿರಣಿಗಿಂತ ಜೋರಾಗಿ ಕೇಳಿಸಿತು. ಆಕೆ ತಜ್ಞರ ಕಡೆ ತಿರುಗಿ, "ಮುಟ್ಟಲ್ಲ. ನೋಡಬಹುದಾ?" ಎಂದರು. ಸೆರಗು ಸಿಕ್ಕಿಸಿ ಏಣಿ ಹತ್ತಿದರು. ದವಡೆಯ ಎದುರು ಬಹಳ ಹೊತ್ತು ನಿಂತರು. ಒಮ್ಮೆ ಕೈ ತಮ್ಮ ತುಟಿಯ ಹತ್ತಿರ ಹೋಯಿತು. ಇಳಿದು ಬಂದು ಗಂಡನ ಮುಖ ನೋಡಿದರು.

"ಕೆಲಸ ಚೆನ್ನಾಗಿ ಬಂದಿದೆ," ಎಂದರು, ಅವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಮನೆಗೆ ನಡೆಯುವ ದಾರಿಯಲ್ಲಿ ಆಕೆ ಇನ್ನೆರಡು ಮಾತು ಹೇಳಿದರು. "ಗುರುವಾರ ಬಂಡೆ ಹತ್ತಿರ ಸಭೆಯಂತೆ. ಆದೇಶಕ್ಕೆ ಸಾಹೇಬರು ಅಲ್ಲೇ ಸಹಿ ಹಾಕ್ತಾರಂತೆ, ನಿಮ್ಮನ್ನೂ ಮಾತಾಡೋಕೆ ಕರೀತಾರಂತೆ. ಏನು ಮಾತಾಡಬೇಕು ಅಂತ ನಾನು ಹೇಳಿಕೊಡಲ್ಲ. ಇಪ್ಪತ್ತೆರಡು ವರ್ಷ ನಿಮ್ಮ ಜೊತೆ ಕಿರುಚಿಕೊಂಡೇ ಬದುಕಿದೀನಿ. ಒಂದು ಸಲ ಮೆಲ್ಲಗೆ ಮಾತಾಡೋ ಮನೇಲಿ ಇರಬೇಕು ಅಂತ ಆಸೆ ಇತ್ತು."

ಲೆಕ್ಕ ಈಗ ಸರಳವಾಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಅವರು ಪೂರ್ತಿ ಡಾಕ್ಟರು, ಒಂದು ಪ್ರಾಣಿಗೆ ಅವರ ಹೆಸರು, ಹೆಂಡತಿಗೆ ಗಿರಣಿಯ ಗೋಡೆ. ಬಾಯಿ ಬಿಟ್ಟರೆ ಹೆಂಡತಿಗೆ ಮನೆ, ಅವರಿಗೆ ಮೋಸಗಾರನೆಂಬ ಬಿರುದು. ಅದರಲ್ಲಿ ಅರ್ಧ ಕಡಿಮೆ ಮಾಡುವಷ್ಟು ನ್ಯಾಯ ಊರಿನವರು ತೋರಿಸುತ್ತಾರೆಂಬ ಭರವಸೆಯಿಲ್ಲ. ಎರಡು ದಿನ ಅವರಿಗೆ ಅನ್ನ ರುಚಿಸಲಿಲ್ಲ.

ಗುರುವಾರ ಹಗ್ಗದಾಚೆ ಇನ್ನೂರು ಕುರ್ಚಿ ಹಾಕಿದ್ದರು. ವೇದಿಕೆಯ ಮೇಲೆ ತಜ್ಞರು, ತಜ್ಞರಿಗಿಂತ ಮೇಲಿನವರಾದ ದಪ್ಪ ಸಾಹೇಬರು, ಅವರ ಮುಂದೆ ಸಹಿಗೆ ಕಾದ ಆದೇಶದ ಕಾಗದ. ಹಿನ್ನೆಲೆಯಲ್ಲಿ ಬಂಡೆ, ಬಂಡೆಯಲ್ಲಿ ಪ್ರಾಣಿ ಎಲ್ಲರಿಗಿಂತ ಮೊದಲೇ ಬಂದು ನಗುತ್ತ ಕೂತಿತ್ತು. ಭಾವಮೈದುನ ಹೊಸ ಅಂಗಿ ತೊಟ್ಟು ಮೈಕಿಗೆ ಬಂದು, "ಈ ಅಪೂರ್ವ ಪ್ರಾಣಿಯನ್ನು ಜಗತ್ತಿಗೆ ಕೊಟ್ಟ ನನ್ನ ಭಾವನವರು ಈಗ ಎರಡು ಮಾತಾಡ್ತಾರೆ," ಎಂದ.

ಅರೆಡಾಕ್ಟರು ಮೈಕಿನ ಮುಂದೆ ನಿಂತರು. ಮೊದಲ ಸಾಲಿನಲ್ಲಿ ಹೆಂಡತಿ ಕೂತಿದ್ದರು. ಮಡಿಲಲ್ಲಿ ಸುಣ್ಣದ ಪುಡಿಯ ಡಬ್ಬವಿತ್ತು.

"ಮುಂದಿನ ಮೂರು ಹಲ್ಲು ನಾನು ಕಟ್ಟಿದ್ದು," ಎಂದರು.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗು ಸಾಲಿನಿಂದ ಸಾಲಿಗೆ ಹರಡಿ ವೇದಿಕೆಯವರೆಗೂ ಬಂತು. ತಜ್ಞರು ಕೂಡ ಕೆನ್ನೆ ಹಿಡಿದುಕೊಂಡು ನಕ್ಕರು.

"ಇದು ನಮಗೆ ಹೊಸದಲ್ಲ," ಎಂದು ಅವರು ಸಾಹೇಬರಿಗೆ ವಿವರಿಸಿದರು. "ಜಮೀನಿನಲ್ಲಿ ಕಟ್ಟಡ ಕಟ್ಟಬೇಕು ಅಂದ್ಕೊಂಡವರು ಹೀಗೆ ಏನೋ ಒಂದು ಹೇಳ್ತಾರೆ. ಹೋದ ವರ್ಷ ಒಬ್ಬರ ತೋಟದಲ್ಲಿ ಪುರಾತನ ಮೊಟ್ಟೆ ಸಿಕ್ಕಿತ್ತು. ಅದನ್ನ ತಾನೇ ಇಟ್ಟಿದ್ದು ಅಂತ ಆತ ಬರೆದುಕೊಟ್ಟ."

"ನಾನು ನಿಜ ಹೇಳ್ತಿದೀನಿ ಸಾರ್. ಹಲ್ಲು ಕಟ್ಟೋದು ನನ್ನ ಕಸುಬು. ಊರಲ್ಲಿ ಯಾರನ್ನ ಬೇಕಾದರೂ ಕೇಳಿ."

ಇದು ಅವರು ಆಡಬಾರದಿದ್ದ ಮಾತು. ದಪ್ಪ ಸಾಹೇಬರು ನ್ಯಾಯವಾಗಿ ನಡೆಯುವವರು. ಊರಲ್ಲಿ ಕೇಳಿಯೇ ಬಿಟ್ಟರು.

ಗಿರಣಿಯವನು ಎದ್ದು ನಿಂತ. "ಸುಳ್ಳು ಹೇಳಬಾರದು ಸ್ವಾಮಿ. ಇವರು ನನಗೆ ಕೆಳಗಿನ ಸೆಟ್ಟು ಮಾಡಿಕೊಟ್ಟಿದಾರೆ. ಊಟಕ್ಕೆ ಕೂರೋವಾಗ ತೆಗೆದಿಟ್ಟು ಊಟ ಮಾಡ್ತೀನಿ. ಬಂಡೇಲಿರೋ ಆ ಹಲ್ಲು ನೋಡಿ, ಹೇಗೆ ಕೂತಿವೆ. ಅದು ಇವರ ಕೈಲಿ ಆಗೋ ಕೆಲಸ ಅಲ್ಲ."

"ನನ್ನ ಸೆಟ್ಟು ಸೀನಿದರೆ ಎದುರಿನವರ ಮಡಿಲಿಗೆ ಹೋಗುತ್ತೆ," ಎಂದರು ಇನ್ನೊಬ್ಬರು.

ಹೀಗೆ ಹನ್ನೊಂದು ಜನ ಎದ್ದು ಸಾಕ್ಷಿ ಹೇಳಿದರು. ಪ್ರತಿಯೊಬ್ಬರೂ ಅರೆಡಾಕ್ಟರನ್ನು ಮೋಸದ ಆರೋಪದಿಂದ ಪಾರು ಮಾಡುತ್ತಿದ್ದೇವೆಂಬ ಸದುದ್ದೇಶದಿಂದಲೇ ಮಾತಾಡಿದರು. ಕೊನೆಗೆ ಸೋದರತ್ತೆ ಎದ್ದರು. ರಕ್ತಸಂಬಂಧ; ಇವರಾದರೂ ಕೈಬಿಡಲಾರರು ಎಂದು ಅರೆಡಾಕ್ಟರು ಆಸೆಯಿಂದ ನೋಡಿದರು.

"ನನ್ನ ಅಣ್ಣನ ಮಗ," ಎಂದರು ಸೋದರತ್ತೆ. "ಒಳ್ಳೆಯವನು. ದಾನ ಕೇಳಿದರೆ ಇಲ್ಲ ಅನ್ನಲ್ಲ. ಆದರೆ ಹಲ್ಲು ಕಟ್ಟೋಕೆ ಬರಲ್ಲ." ಕೂತರು. ಸೆಟ್ಟು ಕಟಕಟ ಎಂದು ಅನುಮೋದಿಸಿತು.

ಅರೆಡಾಕ್ಟರಿಗೆ ಅವಮಾನದಿಂದ ಕಿವಿ ಕೆಂಪಾಯಿತು. "ಅದು ಗಿರಣಿಯಿಂದ ಆಗಿದ್ದು. ನೆಲ ನಡುಗಿದರೆ ಗಾರೆ ಕೂರಲ್ಲ," ಎಂದರು. "ಓಹೋ, ಈಗ ನನ್ನ ಗಿರಣಿ ಮೇಲೆ ಬಂತಾ?" ಎಂದ ಗಿರಣಿಯವನು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಇನ್ನೂರು ಜನರಲ್ಲಿ ನೂರು ಜನ ಒಟ್ಟಿಗೇ ನೆನಪಿಸಿಕೊಂಡರು. ತಾನು ಕೆಟ್ಟ ಕೆಲಸಗಾರನಲ್ಲ ಎಂದು ಸಾಬೀತು ಮಾಡದೆ ತಾನು ತಪ್ಪು ಮಾಡಿದ್ದೇನೆಂದು ಸಾಬೀತಾಗದ ಇಕ್ಕಟ್ಟಿಗೆ ಆ ಬಡಪಾಯಿ ಸಿಕ್ಕಿಬಿದ್ದಿದ್ದರು. ದಪ್ಪ ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು.

ಆಗ ಹೆಂಡತಿ ಎದ್ದರು. ಸುಣ್ಣದ ಡಬ್ಬವನ್ನು ಕುರ್ಚಿಯ ಮೇಲಿಟ್ಟು, ನೇರ ವೇದಿಕೆ ಹತ್ತಿ ತಜ್ಞರ ಮುಂದೆ ನಿಂತರು.

"ನಿಮ್ಮ ಗಾಜು ತೆಗೀರಿ," ಎಂದರು. ಮೈಕು ಬೇಕಾಗಲಿಲ್ಲ. "ನನ್ನ ಬಾಯಿ ನೋಡಿ. ಮೇಲ್ಗಡೆ, ಮುಂದಿನ ಹಲ್ಲು."

ತುಟಿ ಸರಿಸಿ ಬಾಯಿ ತೆರೆದರು.

ತಜ್ಞರು ಭೂತಗನ್ನಡಿ ಹಿಡಿದು ಬಗ್ಗಿ ನೋಡಿದರು. ಎಡಕ್ಕೆ ತುಸು ವಾಲಿದ ಹಲ್ಲು. ಕೆಳಮೂಲೆಯಲ್ಲಿ ಒಂದು ಸಣ್ಣ ಮುಕ್ಕು. ಅವರು ವೇದಿಕೆ ಇಳಿದು, ಹಗ್ಗ ದಾಟಿ, ಏಣಿ ಹತ್ತಿ ಪ್ರಾಣಿಯ ಬಾಯಿ ನೋಡಿದರು. ಇಳಿದು ಬಂದು ಹೆಂಡತಿಯ ಬಾಯಿ ನೋಡಿದರು. ಮತ್ತೆ ಹತ್ತಿದರು. ಮೂರು ಸಲ ಹೀಗೆ ಹತ್ತಿ ಇಳಿಯುವಾಗ ಇನ್ನೂರು ಜನರ ತಲೆ ಅವರ ಜೊತೆಯೇ ಆಚೀಚೆ ತಿರುಗಿತು. ಪ್ರಾಣಿ, ಹೆಂಡತಿ, ಇಬ್ಬರೂ ತಾಳ್ಮೆಯಿಂದ ಬಾಯಿ ತೆರೆದುಕೊಂಡಿದ್ದರು.

"ಹುಟ್ಟಿದಾಗಿಂದ ಇರೋ ಹಲ್ಲಲ್ಲ ಇದು," ಎಂದರು ಹೆಂಡತಿ, ಬಾಯಿ ಮುಚ್ಚಲು ಅವಕಾಶ ಸಿಕ್ಕ ಮೇಲೆ. "ಅದು ನನ್ನ ಹದಿನೆಂಟನೇ ವಯಸ್ಸಲ್ಲಿ ಬಾವಿಕಟ್ಟೆ ಮೇಲೆ ಬಿದ್ದು ಮುರಿದು ಹೋಯ್ತು. ಹಲ್ಲಿಲ್ಲದ ಹುಡುಗಿ ಅಂತ ಗೊತ್ತಾದರೆ ಮದುವೆ ಆಗಲ್ಲ ಅಂತ ನಮ್ಮಪ್ಪ ಗುಟ್ಟಾಗಿ ಇವರ ಹತ್ತಿರ ಕರ್ಕೊಂಡು ಹೋದರು. ಆಗ ಇವರು ಗುರುಗಳ ಅಂಗಡೀಲಿದ್ದರು. ಅಲ್ಲಿ ಗಿರಣಿ ಇರಲಿಲ್ಲ. ಹೊಸ ಹಲ್ಲು ನೆಟ್ಟಗೆ ಇಟ್ಟಿದ್ದರೆ ಎಲ್ಲರಿಗೂ ಗೊತ್ತಾಗೋದು. ಮುರಿದಿದ್ದು ಹೇಗೆ ವಾಲಿತ್ತೋ, ಎಲ್ಲಿ ಮುಕ್ಕಿತ್ತೋ, ಹಾಗೇ ಕೆತ್ತಿ ಕೂರಿಸಿದರು. ಆಮೇಲೆ ಇವರೇ ಬಂದು ನನ್ನ ಕೇಳಿದರು. ಇಪ್ಪತ್ತೆರಡು ವರ್ಷ ಆಯ್ತು. ಒಂದು ದಿನ ಅಲ್ಲಾಡಿಲ್ಲ. ನನ್ನ ತಮ್ಮನಿಗೂ ಗೊತ್ತಿಲ್ಲ."

ತಮ್ಮನಿಗೆ ಗೊತ್ತಿರಲಿಲ್ಲ ಎಂಬುದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಸೋದರತ್ತೆ ಬೆರಳು ಮೂಗಿನ ಮೇಲಿಟ್ಟುಕೊಂಡಿದ್ದರು. ಅವರ ಸೆಟ್ಟು ಮೊದಲ ಬಾರಿಗೆ ಸುಮ್ಮನಿತ್ತು.

ಅರೆಡಾಕ್ಟರು ಮೈಕಿನ ಕಂಬ ಹಿಡಿದುಕೊಂಡು ನಿಂತಿದ್ದರು. ತಮ್ಮಿಬ್ಬರಿಗೇ ಗೊತ್ತಿದ್ದ ಹಲ್ಲನ್ನು ಆಕೆ ಊರಿಗೆಲ್ಲ ತೋರಿಸಿದ್ದು ಮನೆಗಾಗಿ. ಆದರೆ ತೋರಿಸಿದ ರೀತಿ ನೋಡಿದರೆ, ಹನ್ನೊಂದು ಜನರ ಸಾಕ್ಷಿ ಕೇಳಿ ಆಕೆಗೇ ತಡೆಯಲಾಗಲಿಲ್ಲ ಎಂದೂ ಅವರಿಗೆ ಅನ್ನಿಸಿತು. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ.

ತಜ್ಞರು ಭೂತಗನ್ನಡಿಯನ್ನು ಜೇಬಿಗಿಟ್ಟರು. ವಿಜ್ಞಾನಿಗಳು ಅವಸರದ ತೀರ್ಮಾನಕ್ಕೆ ಬರುವುದಿಲ್ಲ. "ಎರಡು ಸಾಧ್ಯತೆ ಇವೆ," ಎಂದು ಸಾಹೇಬರಿಗೆ ವರದಿ ಒಪ್ಪಿಸಿದರು. "ಒಂದೋ ಈ ಮೂರು ಹಲ್ಲು ಇತ್ತೀಚಿನವು. ಇಲ್ಲವೋ ಈಯಮ್ಮ ಲಕ್ಷಾಂತರ ವರ್ಷದ ಹಿಂದಿನವರು." ಹೆಂಡತಿಯ ಮುಖ ನೋಡಿ, ಮೊದಲನೆಯದನ್ನೇ ಆರಿಸಿಕೊಂಡರು.

ಸಾಧಾರಣ ಐದು ಹಲ್ಲಿಗೆ ಆದೇಶ ಬೇಕಿಲ್ಲವೆಂದು ದಪ್ಪ ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು. ಮೋಸದ ಮೊಕದ್ದಮೆ ಹೂಡಬೇಕೇ ಎಂದು ಕೇಳಿದಾಗ ತಜ್ಞರು ಬೇಡವೆಂದರು: ಉಳಿದ ಐದು ಹಲ್ಲು ಸಾಚಾ, ಮೂರರ ವಿಷಯ ಕಾಗದದ ಮೇಲೆ ಹೋದರೆ ಮೂವತ್ತೈದು ವರ್ಷದ ಸರ್ವಿಸಿನ ವಿಷಯವೂ ಕಾಗದದ ಮೇಲೆ ಹೋಗುತ್ತದೆ. ಬೆಟ್ಟ ಅಗೆದು ಇಲಿ ಹಿಡಿದರು ಎಂದು ಜನ ಆಡಿಕೊಳ್ಳುವ ಮೊದಲೇ ಕುರ್ಚಿಗಳನ್ನು ಮಡಚಿದರು. ಜೀಪು ಹತ್ತುವ ಮುಂಚೆ ತಜ್ಞರು ಅರೆಡಾಕ್ಟರನ್ನು ಪಕ್ಕಕ್ಕೆ ಕರೆದರು.

"ಕೆಳಗಡೆ, ಬಲಕ್ಕೆ," ಎಂದು ಮೆಲ್ಲಗೆ ಶುರು ಮಾಡಿದರು.

"ಹಿಂದಿನಿಂದ ಎರಡನೆಯದು," ಎಂದರು ಅರೆಡಾಕ್ಟರು. "ಕೀಳಿಸಿಕೊಂಡು ಬನ್ನಿ. ಮನೆ ಆಗಿರುತ್ತೆ."

ಮನೆ ಆಯಿತು. ಕಾವಲುಗಾರ ತನ್ನ ತಗಡು ಬಿಚ್ಚಿಕೊಂಡು ಹೋಗುವಾಗ ಕಿಟಕಿಯನ್ನು ಇದೇ ಜಾಗದಲ್ಲಿ ಇಡಿ ಎಂದು ಮೇಸ್ತ್ರಿಗೆ ಬುದ್ಧಿ ಹೇಳಿ ಹೋದ. ಕೆಲಸದ ಕೋಣೆಯ ಮೇಜಿನ ಮೇಲೆ ಇಟ್ಟ ಲೋಟ ಸಂಜೆಯವರೆಗೂ ಇಟ್ಟಲ್ಲೇ ಇರುತ್ತಿತ್ತು. ಹನ್ನೊಂದು ಸಾಕ್ಷಿಗಳೂ ಒಬ್ಬೊಬ್ಬರಾಗಿ ಬಂದು, ಪ್ರಾಣಿಗೆ ಮಾಡಿದ ಹಾಗೇ ನಮಗೂ ಮಾಡಿಕೊಡಿ ಎಂದು ಅಚ್ಚು ಕೊಟ್ಟು ಹೋದರು. ಊರಿನವರು ಅವರನ್ನು ಮತ್ತೆ ಅರೆಡಾಕ್ಟರೆಂದೇ ಕರೆದರು. ಸೋದರತ್ತೆಯ ಹೊಸ ಸೆಟ್ಟು ಕಚ್ಚಿ ಕೂತಿತು, ಅದರಿಂದ ಅವರಿಗೆ ಮಾತಾಡಲು ವಿಷಯವೇ ಇಲ್ಲದಂತಾಗಿ ತಿಂಗಳುಗಟ್ಟಲೆ ಕೊರಗಿದರು.

ಗೃಹಪ್ರವೇಶವಾದ ಮೂರನೇ ವಾರ ಇಲಾಖೆಯಿಂದ ಒಂದು ಪತ್ರ ಬಂತು; ತಜ್ಞರು ಬೇಡವೆಂದರೂ ವಿಷಯ ಕಾಗದದ ಮೇಲೆ ಹೋಗಿತ್ತು. ಸದರಿ ಪ್ರಾಣಿಯ ಬಾಯಿಯಲ್ಲಿ ಸದರಿ ವ್ಯಕ್ತಿಯು ಅನುಮತಿಯಿಲ್ಲದೆ ಅಳವಡಿಸಿರುವ ಸದರಿ ಮೂರು ಹಲ್ಲುಗಳನ್ನು ಹದಿನೈದು ದಿನದೊಳಗೆ ತೆಗೆದು, ಪ್ರಾಣಿಯನ್ನು ಮೊದಲಿನ ಸ್ಥಿತಿಯಲ್ಲಿ ಬಿಡತಕ್ಕದ್ದು.

ಅರೆಡಾಕ್ಟರು ಇಕ್ಕಳ ಹಿಡಿದು ಏಣಿ ಹತ್ತಿದರು. ಹೆಂಡತಿ ಕೆಳಗೆ ಏಣಿ ಹಿಡಿದುಕೊಂಡರು. ಇಕ್ಕಳ ಹಾಕಿ ಎಳೆದರು. ಉಳಿ ಇಟ್ಟು ಮೀಟಿದರು. ಬಿಸಿನೀರು ಹಾಕಿ ನೋಡಿದರು. ಮೂರರಲ್ಲಿ ಒಂದೂ ಕೂದಲೆಳೆಯಷ್ಟು ಅಲ್ಲಾಡಲಿಲ್ಲ. ಅರ್ಧ ಗಂಟೆಯ ಮೇಲೆ ಬೆವರು ಒರೆಸಿಕೊಂಡು ಕೆಳಗೆ ನೋಡಿದರು.

"ಬರ್ತಾ ಇಲ್ಲ ಕಣೇ," ಎಂದರು. ಅವರ ದನಿಯಲ್ಲಿ ಬೇಸರವೇನೂ ಇರಲಿಲ್ಲ.

"ಬರಲ್ಲ ಅಂತಲೇ ಬರೆದು ಕಳಿಸಿ," ಎಂದರು ಹೆಂಡತಿ ಮೆಲ್ಲಗೆ. ಆಕೆ ನಗುತ್ತಿದ್ದರು, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ತುಟಿಗೆ ಕೈ ಅಡ್ಡ ಹಿಡಿಯದೆ. ಮೇಲೆ ಬಂಡೆಯಲ್ಲೂ ಅದೇ ನಗು ಇತ್ತು. ಅರೆಡಾಕ್ಟರು ಏಣಿಯ ಮೇಲೆ ನಿಂತು ಒಮ್ಮೆ ಅದನ್ನು, ಒಮ್ಮೆ ಆಕೆಯನ್ನು ನೋಡಿದರು. ಆಮೇಲೆ ಇಕ್ಕಳವನ್ನು ಜೇಬಿಗೆ ಹಾಕಿಕೊಂಡು ಊಟಕ್ಕೆ ಇಳಿದರು.